ಮುನ್ನೂರು ಎಂಬಿಯ ಯುದ್ಧದಲ್ಲಿ ಹೊನ್ನಯ್ಯ

ನಮ್ಮ ಶಿವನಿಯಲ್ಲಿ ಹೆಸರುವಾಸಿ ಸುಳ್ಳರು ಇಬ್ಬರೇ. ಒಬ್ಬ ನಾನು, ಪಂಚಾಕ್ಷರಪ್ಪ. ಇನ್ನೊಬ್ಬ ಹೊನ್ನಯ್ಯ. ಉಳಿದವರೆಲ್ಲ ಹರಿಶ್ಚಂದ್ರನ ಮೊಮ್ಮಕ್ಕಳು ಎಂದಲ್ಲ. ಅವರು ಕೆಲಸ ಬಿದ್ದಾಗ ಸುಳ್ಳು ಹೇಳುತ್ತಾರೆ, ನಾವಿಬ್ಬರೂ ಕೆಲಸವಿಲ್ಲದಾಗ ಹೇಳುತ್ತೇವೆ. ಅಷ್ಟೇ ವ್ಯತ್ಯಾಸ.

ಸ್ಟೇಷನ್ನಿನಿಂದ ಊರೊಳಗೆ ಬರುವ ದಾರಿಯಲ್ಲಿ ನಮ್ಮದೊಂದು ಹಿಂಡಿ, ಬೂಸಾ ಮಾರುವ ಅಂಗಡಿ. ಈಗ ಅಂಗಡಿಯನ್ನು ನನ್ನ ಮಗ ನೋಡಿಕೊಳ್ಳುತ್ತಾನೆ, ಅಂಗಡಿಯ ಮುಂದಿನ ಬೆಂಚನ್ನು ನಾನು ನೋಡಿಕೊಳ್ಳುತ್ತೇನೆ. ಆ ಬೆಂಚಿನ ಇನ್ನೊಂದು ತುದಿ ಹೊನ್ನಯ್ಯನದು. ವಯಸ್ಸು ಎಪ್ಪತ್ತಮೂರೋ ನಾಲ್ಕೋ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆ. ನನ್ನದೂ ಜನವರಿ ಒಂದೇ. ನಮ್ಮ ವಾರಗೆಯವರೆಲ್ಲ ಈ ಊರಲ್ಲಿ ಜನವರಿ ಒಂದನೇ ತಾರೀಖೇ ಹುಟ್ಟಿದವರು. ಆವತ್ತು ಪಾಪ ಸೂಲಗಿತ್ತಿ ಹೇಗೆ ಓಡಾಡಿದಳೋ ಏನೋ.

ಹೊನ್ನಯ್ಯ ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ದನ ಕಾಯ್ದು ನಿವೃತ್ತನಾದವನು. ಕಾವಲೆಂದರೆ ಸರ್ಕಾರಿ ಹುಲ್ಲುಗಾವಲು, ಕಣ್ಣು ಹಾಯುವಷ್ಟು ದೂರ. ಅಲ್ಲಿಯ ದನಗಳು ಹಟ್ಟಿಯ ದನಗಳಂತಲ್ಲ. ಹಿಂದಕ್ಕೆ ಬಾಗಿದ ಈಟಿಯಂಥ ಕೊಂಬು, ಬೂದಿ ಬಣ್ಣ, ಮೂಗಿನ ಮೇಲೇ ಸಿಟ್ಟು. ಇನ್ನೂರು ದನ ಮೇಯುತ್ತಿರುವಾಗ ಹೊನ್ನಯ್ಯ ನಿಂತಲ್ಲಿಂದ ಒಂದರ ಹೆಸರು ಹಿಡಿದು ಕೂಗಿದರೆ ಅದೊಂದೇ ತಲೆಯೆತ್ತಿ ನೋಡುತ್ತಿತ್ತು, ಉಳಿದವು ಮೇಯುತ್ತಲೇ ಇರುತ್ತಿದ್ದವು. ಇದು ಸುಳ್ಳಲ್ಲ, ನಾನೇ ಕಂಡದ್ದು. ಅಲ್ಲಿನ ಒಂದು ಎತ್ತು ಅಜ್ಜಂಪುರದಲ್ಲಿ ಪ್ಯಾಸೆಂಜರ್ ಗಾಡಿಯ ಜೊತೆ ಓಟ ಕಟ್ಟಿ, ಗಾಡಿಗಿಂತ ಮುಂಚೆ ಶಿವನಿ ತಲುಪಿ, ಪ್ಲಾಟ್‌ಫಾರಂ ಮೇಲೆ ನಿಂತು ಮೆಲುಕು ಹಾಕುತ್ತಿತ್ತು ಅನ್ನುವುದನ್ನೂ ನಾನೇ ಕಂಡದ್ದು. ನಂಬದಿದ್ದರೆ ಆ ಗಾಡಿಯನ್ನೇ ಕೇಳಿ.

ಇರಲಿ. ನಾನು ಹೇಳಹೊರಟದ್ದು ಸಿನಿಮಾದ ಕಥೆ.

ಐವತ್ತು ವರ್ಷಕ್ಕೂ ಹಿಂದೆ ಕಾವಲಿಗೆ ಒಂದು ಸಿನಿಮಾ ಕಂಪನಿ ಬಂತು. ಪಾಳೇಗಾರರ ಕಾಲದ ಯುದ್ಧದ ಸಿನಿಮಾ. ಫಿರಂಗಿ ಎಳೆಯಲು ಅವರಿಗೆ ಅಮೃತಮಹಲ್ ಎತ್ತುಗಳೇ ಬೇಕಾಗಿದ್ದವು. ಎತ್ತಿನ ಜೊತೆ ಎತ್ತು ಕಾಯುವ ಹುಡುಗರೂ ಹೋದರು, ಅವರಲ್ಲಿ ಹೊನ್ನಯ್ಯನೂ ಒಬ್ಬ. ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈ ಕಥೆಯನ್ನು ಇಲ್ಲೇ ಬಿಟ್ಟು ಅದನ್ನು ಹುಡುಕಲು ಹೋಗುತ್ತೀರಿ.

ಆ ಶೂಟಿಂಗಿನಿಂದ ಬಂದ ಮೇಲೆ ಹೊನ್ನಯ್ಯ ಹೇಳುತ್ತಿದ್ದದ್ದು ಇಷ್ಟು. ಸೈನ್ಯದ ಮುಂದೆ ಬಾವುಟ ಹಿಡಿದು ನಡೆದವನು ತಾನು. ಎದೆಗೆ ಗುಂಡು ಬಿದ್ದರೂ ಬಾವುಟ ಬಿಡಲಿಲ್ಲ. ಕೊನೆಗೆ ರಾಜನ ವೇಷದ ಹೀರೋನೇ ಬಂದು ತನ್ನ ಕಣ್ಣುರೆಪ್ಪೆ ಮುಚ್ಚಿದ. ಮೊದಲ ವರ್ಷ ಒಂದೇ ಗುಂಡು ಬಿದ್ದಿತ್ತು. ವರ್ಷ ಕಳೆದಂತೆ ಗುಂಡುಗಳು ಜಾಸ್ತಿಯಾದವು. ಇತ್ತೀಚೆಗಂತೂ ಇವನೊಬ್ಬನಿಗೇ ಇಷ್ಟು ಗುಂಡು ಹೊಡೆದ ಮೇಲೆ ಶತ್ರುಗಳ ಹತ್ತಿರ ಬೇರೆಯವರಿಗೆ ಹೊಡೆಯಲು ಏನು ಉಳಿದಿತ್ತು ಎಂದು ನನಗೇ ಚಿಂತೆಯಾಗುತ್ತಿತ್ತು.

ಈ ಕಥೆಯ ಬಲದ ಮೇಲೇ ಅವನಿಗೆ ಮದುವೆಯಾದದ್ದು. ಹೆಣ್ಣು ದೇವನೂರಿನ ಹಾಲಮ್ಮ. ಅವಳ ಅಪ್ಪನ ಮುಂದೆ ಇಬ್ಬರು ಗಂಡುಗಳಿದ್ದರು. ಒಬ್ಬನಿಗೆ ಹಿಟ್ಟಿನ ಗಿರಣಿ, ಇನ್ನೊಬ್ಬನಿಗೆ ಸಿನಿಮಾ. ಆ ಮಹಾನುಭಾವ ಒಂದು ವಾರ ಯೋಚಿಸಿ, ಗಿರಣಿ ಯಾರು ಬೇಕಾದರೂ ಹಾಕಿಸಬಹುದು ಎಂದು ಸಿನಿಮಾದವನಿಗೇ ಮಗಳನ್ನು ಕೊಟ್ಟ.

ಮದುವೆಯಾದ ಮೂರನೇ ತಿಂಗಳಿಗೆ ಸಿನಿಮಾ ಬೀರೂರಿಗೆ ಬಂತು. ಹೊಸ ಗಂಡು, ಹೊಸ ಹೆಣ್ಣು, ಮಾವ, ಮಾವನ ಕಡೆಯ ಹನ್ನೊಂದು ಜನ ಬುತ್ತಿ ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಹೋದರು. ಅಲ್ಲಿನ ಒಂದು ಟಾಕೀಸಿನಲ್ಲಿ ಆಗ ಒಂದು ಪದ್ಧತಿ ಇತ್ತು. ನೋಡಲು ಬರುವವರಲ್ಲಿ ಅರ್ಧ ಜನ ರೈಲಿನಲ್ಲಿ ಬಂದು ಹೋಗುವವರು. ಸಂಜೆ ಪ್ಯಾಸೆಂಜರ್ ತಪ್ಪಿದರೆ ಅವರೆಲ್ಲ ಟಾಕೀಸಿನ ಜಗಲಿಯ ಮೇಲೇ ಠಿಕಾಣಿ ಹೂಡುತ್ತಿದ್ದರು. ಅದಕ್ಕೇ ಸಿನಿಮಾ ಉದ್ದವಿದ್ದರೆ ಆಪರೇಟರು ನಡುವಿನ ಒಂದೆರಡು ರೀಲು ಹಾರಿಸಿ ಮುಂದಿನದನ್ನು ಹಾಕಿಬಿಡುತ್ತಿದ್ದ. ಆವತ್ತೂ ಹಾಗೇ ಆಯಿತು. ಸೈನ್ಯ ಕೋಟೆಯಿಂದ ಹೊರಟಿತು. ಕಣ್ಣು ಮಿಟುಕಿಸುವುದರಲ್ಲಿ ರಾಣಿ ಗೆದ್ದು ಬಂದವರಿಗೆ ಆರತಿ ಎತ್ತುತ್ತಿದ್ದಳು.

ಮಾವ ಕತ್ತಲಲ್ಲೇ ಕೇಳಿದನಂತೆ, "ಅಳಿಯಂದ್ರೇ, ಯುದ್ಧ ಎಲ್ಲೋಯ್ತು?"

ಹೊನ್ನಯ್ಯ ಬುತ್ತಿಯ ಗಂಟು ಬಿಚ್ಚತೊಡಗಿದ. ಹಾಲಮ್ಮನಿಗೆ ಆವತ್ತಿನಿಂದ ಒಂದು ಅಸ್ತ್ರ ಸಿಕ್ಕಿತು.

ಏಳೆಂಟು ವರ್ಷವಾದ ಮೇಲೆ ತರೀಕೆರೆಯ ಟೆಂಟಿಗೆ ಅದೇ ಸಿನಿಮಾ ಬಂತು ಎಂದು ಕೇಳಿ ಹೆಂಡತಿಯನ್ನು ಅಲ್ಲಿಗೂ ಕರೆದುಕೊಂಡು ಹೋದ. ಯುದ್ಧ ಶುರುವಾಗುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದು ಟೆಂಟು ಕಿತ್ತುಕೊಂಡು ಪರದೆಯ ಸಮೇತ ಹಾರಿಹೋಯಿತು. ಲಕ್ಕವಳ್ಳಿ ಕಡೆಯವರು ಯುದ್ಧದ ಉಳಿದ ಭಾಗವನ್ನು ಆಕಾಶದಲ್ಲಿ ನೋಡಿದರಂತೆ. ಆಮೇಲೊಂದು ಭಾನುವಾರ ಟಿವಿಯಲ್ಲಿ ಬಂತು, ಕರೆಂಟು ಹೋಯಿತು. ಇದರಲ್ಲಿ ಸುಳ್ಳೇನೂ ಇಲ್ಲ, ಕರೆಂಟು ಹೋಗುವುದಕ್ಕೆ ನನ್ನ ಸಹಾಯ ಬೇಕಿಲ್ಲ.

ಹೀಗೆ ಹೊನ್ನಯ್ಯನ ಮಾತಿಗೆ ಮನೆಯಲ್ಲಿ ಐವತ್ತೊಂದು ವರ್ಷ ಬೆಲೆಯೇ ಇಲ್ಲದಂತಾಯಿತು. ಮಳೆ ಬರುತ್ತೆ ಅಂದರೆ, "ಬಾವುಟ ಹಿಡ್ದಿದ್ಯಲ್ಲ, ಹಂಗೇ ಬರ್ತೈತೆ ಬಿಡು." ಹೊಟ್ಟೆ ನೋವು ಅಂದರೆ, "ಗುಂಡು ಬಿದ್ದಿದ್ದು ಇನ್ನೂ ಮಾಗಿಲ್ವಾ?" ಕಾವಲಿನಲ್ಲಿ ಇನ್ನೂರು ದನ ಅವನ ಮಾತು ಕೇಳುತ್ತಿದ್ದವು, ಮನೆಯಲ್ಲಿ ಕೇಳುವವರು ಒಬ್ಬರಿಲ್ಲ. ನಗುನಗುತ್ತಲೇ ಇರುತ್ತಿದ್ದ. ಆದರೆ ಒಂದು ಸಲ ಬೆಂಚಿನ ಮೇಲೆ ಕೂತು, "ಸಾವ್ಕಾರ್ರೇ, ಸಾಯಾದ್ರೊಳ್ಗೆ ಒಂದ್ಸಲ ಅವ್ಳ ಬಾಯಲ್ಲಿ 'ಹೌದು, ನೀನು ಅಂದಿದ್ದು ನಿಜ' ಅಂತ ಅನ್ನಿಸ್ಬೇಕು ಕಣ್ರೀ" ಅಂದಿದ್ದ. ಆಗ ನಾನೂ ತಮಾಷೆ ಮಾಡಲಿಲ್ಲ.

ಹೋದ ಮಾಘದಲ್ಲಿ ನನ್ನ ಮೊಮ್ಮಗಳು ಅಶ್ವಿನಿ ಶನಿವಾರ ಮನೆಗೆ ಬಂದವಳೇ ಫೋನು ಹಿಡಿದು ಬೆಂಚಿನ ಹತ್ತಿರ ಓಡಿ ಬಂದಳು. ಕಡೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ.

"ಹೊನ್ನಯ್ಯ ತಾತಾ, ನಿಮ್ ಸಿನಿಮಾ ಸಿಕ್ತು! ನನ್ನ ಫ್ರೆಂಡ್ ಕಳಿಸಿದ್ಲು. ಪೂರ್ತಿ ಇದೆ, ಎರಡೂಮುಕ್ಕಾಲು ಗಂಟೆ."

ಹೊನ್ನಯ್ಯ ಎದ್ದು ನಿಂತ. ಆಮೇಲೆ ಕೂತ. ಆಮೇಲೆ ಮತ್ತೆ ಎದ್ದ.

"ಅಷ್ಟ್ ದೊಡ್ಡ ಯುದ್ಧ ಈ ಫೋನ್ನಾಗೆ ಹೆಂಗವ್ವ ಹಿಡೀತು?"

"ಕಂಪ್ರೆಸ್ ಮಾಡವ್ರೆ ತಾತ. ಮುನ್ನೂರು ಎಂಬಿಗೆ ಇಳಿಸವ್ರೆ."

"ಅಂದ್ರೆ ಹುಲ್ಲು ಒತ್ತಿ ಪೆಂಡಿ ಕಟ್ಟಿದಂಗಾ?"

"ಹೂಂ, ಹಂಗೇ ಅನ್ಕೊಳಿ."

"ಪೆಂಡಿ ಬಿಚ್ಚಿದ್ರೆ ಹುಲ್ಲು ಮತ್ತೆ ಅರಳ್ತೈತೆ. ಇದು ಅರಳ್ತೈತಾ?"

ಅಶ್ವಿನಿ ತಲೆ ಕೆರೆದುಕೊಂಡಳು. "ಪೂರ್ತಿ ಅರಳಲ್ಲ ತಾತ. ಸ್ವಲ್ಪ ಮಂಜು ಮಂಜಾಗಿರುತ್ತೆ."

"ಏನಾರ ಇರ್ಲಿ ಬಿಡು. ಯುದ್ಧ ಒಳಗೈತಲ್ಲ?"

"ಯುದ್ಧ ಐತೆ ತಾತ. ನೋಡ್ಕೊಂಡೇ ಬಂದೆ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯಲ್ಲಿ ಆಟ ಎಂದು ನಿಗದಿಯಾಯಿತು. ಅಶ್ವಿನಿ ಸಿನಿಮಾವನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದಳು. ಬಾಗಿಲಿನಿಂದ ಬಿಸಿಲು ಪರದೆಯ ಮೇಲೆ ಬೀಳುತ್ತಿದೆ ಎಂದು ನಾನು ಬಾಗಿಲಿಗೆ ಕಂಬಳಿ ಇಳಿಬಿಟ್ಟೆ. ನನ್ನ ಹೆಂಡತಿ ಕಾಶಮ್ಮ ಒಂದು ಮೊರದ ತುಂಬ ಮಂಡಕ್ಕಿ ಕಲೆಸಿ, ಮೆಣಸಿನಕಾಯಿ ಬೋಂಡ ಕರಿದಳು. ಹೊನ್ನಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹಾಲಮ್ಮ ಒಳಗೆ ಬಂದವಳೇ ಎಲ್ಲರ ಮುಂದೆ ಷರತ್ತು ಹಾಕಿದಳು. ಗಂಡನ ಹೆಸರನ್ನು ಅವಳು ಹೇಳುವುದಿಲ್ಲ, ತನ್ನ ಮೊಮ್ಮಗಳು ಪ್ರತಿಮಾಳ ಹೆಸರು ಹಿಡಿದು ಕರೆಯುತ್ತಾಳೆ.

"ನೋಡು ಪ್ರತಿಮನ್ ತಾತ, ಇದೇ ಕೊನೆ. ಇವತ್ತು ನೀನು ಕಾಣಿಸ್ದೆ ಇದ್ರೆ ಸಾಯೋಗಂಟ ನಿನ್ ಬಾಯಲ್ಲಿ ಸಿನ್ಮಾ ಅನ್ನೋ ಮಾತು ಬರ್ಬಾರ್ದು."

"ಕಾಣಿಸಿದ್ರೆ?"

"ಕಾಣಿಸಿದ್ರೆ ನೀನೇನು ಹೇಳಿದ್ರೂ ಹೂಂ ಅಂತೀನಿ. ಸಾವ್ಕಾರ್ರೇ, ನೀವೇ ಸಾಕ್ಷಿ."

"ಆಯ್ತಮ್ಮ" ಅಂದೆ. ಹಿಂದೆ ನನ್ನನ್ನು ಸಾಕ್ಷಿಗೆ ಕರೆದವರೆಲ್ಲ ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ. ಅದನ್ನು ಹೇಳಲಿಲ್ಲ.

ಸಿನಿಮಾ ಶುರುವಾಯಿತು. ಏನು ಹೇಳಲಿ! ಮುನ್ನೂರು ಎಂಬಿ ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು. ಯಾರೋ ಟಿವಿಯಿಂದ ಹಿಡಿದದ್ದನ್ನು ಇನ್ಯಾರೋ ಹಿಸುಕಿ, ಮತ್ತ್ಯಾರೋ ಅದನ್ನು ಮತ್ತೆ ಹಿಸುಕಿ ಕಳಿಸಿದ್ದರು. ಕುದುರೆಗಳು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಕಾಣುತ್ತಿದ್ದವು. ರಾಜ ಬಲಕ್ಕೆ ತಿರುಗಿದರೆ ಅವನ ಮೀಸೆ ಸ್ವಲ್ಪ ಹೊತ್ತು ಎಡದಲ್ಲೇ ಉಳಿದು, ಆಮೇಲೆ ಜ್ಞಾಪಕ ಬಂದಂತೆ ಹೋಗಿ ಸೇರಿಕೊಳ್ಳುತ್ತಿತ್ತು. ರಾಣಿಯ ಮಾತು ಮೊದಲು ಬರುತ್ತಿತ್ತು, ತುಟಿ ಹಿಂದಿನಿಂದ ಬರುತ್ತಿತ್ತು. ಧೂಳೆದ್ದರಂತೂ ಪರದೆಯ ಮೇಲೆ ಬರೀ ಚೌಕ ಚೌಕ, ಅಂಗಳಕ್ಕೆ ಕಲ್ಲು ಹಾಸಿದ ಹಾಗೆ.

"ಸಾವ್ಕಾರ್ರೇ, ನಿಮ್ ಟಿವಿಗೆ ಸಿಡುಬು ಎದ್ದೈತೆ" ಅಂದಳು ಹಾಲಮ್ಮ.

"ಟಿವಿಗಲ್ಲಮ್ಮ, ಸಿನಿಮಾಕ್ಕೆ."

ಆಟ ಶುರುವಾದ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸೈನ್ಯ ಹೊರಟಿತು. ಬೀರೂರಿನಲ್ಲಿ ಹಾರಿಸಿದ ಜಾಗ ಇದೇ. ಎಲ್ಲರೂ ಬೋಂಡವನ್ನು ಕೈಯಲ್ಲೇ ಹಿಡಿದು ಕೂತೆವು. ಈ ಸಲ ರಾಣಿ ಬರಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಬಂದವು. ಕಾವಲಿನ ಬಯಲು ಬಂತು.

"ಅದೇ ನಮ್ ಕಾವಲು! ಅದು ಕಾಳಿಂಗ, ಇದು ಮದಕರಿ, ಎಡಗಡೆ ಎಳೀತಿರೋದು ಚಂದ್ರ!" ಹೊನ್ನಯ್ಯ ಕೂಗಿದ. ನಮಗೆ ಕಾಣುತ್ತಿದ್ದದ್ದು ಕೊಂಬಿರುವ ನಾಲ್ಕು ಬೂದು ಮೂಟೆಗಳು. ಅವನಿಗೆ ಮಾತ್ರ ಒಂದೊಂದೂ ಗೊತ್ತಿತ್ತು.

ಸೈನ್ಯದ ಮುಂದೆ ಒಬ್ಬ ಬಾವುಟ ಹಿಡಿದು ಬಂದ. ಮುಖ ಇರಬೇಕಾದ ಜಾಗದಲ್ಲಿ ನಾಲ್ಕು ಕಂದು ಚೌಕ.

ಹೊನ್ನಯ್ಯ ಎದೆ ಮುಂದೆ ಮಾಡಿದ. "ನೋಡು. ನಾನೇ."

ಮುಖವಿಲ್ಲದವನನ್ನು ಅಲ್ಲ ಎನ್ನುವುದು ಹೇಗೆ? ನಾನು ಒಪ್ಪಲು ತಯಾರಾಗಿದ್ದೆ. ಕಾಶಮ್ಮನೂ, "ಹೊನ್ನಯ್ಯನ ಹಂಗೇ ಅವ್ನೆ ಕಣೇ ಹಾಲಮ್ಮ" ಎಂದು ಪುಣ್ಯ ಕಟ್ಟಿಕೊಳ್ಳಲು ನೋಡಿದಳು. ಹಾಲಮ್ಮ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಯುದ್ಧ ನಡೆಯಿತು. ಗುಂಡು ಹಾರಿದವು, ಚೌಕಗಳು ಚೌಕಗಳನ್ನು ಕಡಿದವು. ಬಾವುಟದವನು ಮಾತ್ರ ಬೀಳಲೇ ಇಲ್ಲ. ಯುದ್ಧ ಮುಗಿದ ಮೇಲೆ ಕೋಟೆಯ ಬುರುಜು ಹತ್ತಿ ಬಾವುಟ ನೆಟ್ಟು, ಸೊಂಟದಿಂದ ಕಹಳೆ ತೆಗೆದು ಊದಿದ.

ಕಹಳೆ ಸುಮಾರು ಹೊತ್ತು ಮೊಳಗಿತು.

"ಎದೆಗೆ ಅಷ್ಟೊಂದು ಗುಂಡು ಬಿದ್ದೋನಿಗೆ ಉಸಿರು ಚೆನ್ನಾಗೈತೆ" ಅಂದಳು ಹಾಲಮ್ಮ.

ನಾವೆಲ್ಲ ನಕ್ಕೆವು. ಹೊನ್ನಯ್ಯನೂ ನಗಲು ನೋಡಿದ, ಆಗಲಿಲ್ಲ. ಇಸ್ತ್ರಿ ಅಂಗಿಯ ಒಳಗೆ ಮನುಷ್ಯ ಚಿಕ್ಕವನಾದ. ಮಂಡಕ್ಕಿಯಲ್ಲಿ ಕಡಲೇಬೀಜ ಹುಡುಕುವವನ ಹಾಗೆ ತಟ್ಟೆಯನ್ನೇ ನೋಡುತ್ತ ಕೂತ. ನನಗೂ ನಕ್ಕದ್ದು ತಪ್ಪೆನಿಸಿತು. ಎಪ್ಪತ್ತು ದಾಟಿದ ಮೇಲೆ ಒಬ್ಬನಿಗೆ ಇರುವುದೇ ಒಂದೋ ಎರಡೋ ಕಥೆ. ಅದರಲ್ಲಿ ದೊಡ್ಡದು ಈಗ ನಮ್ಮ ಮನೆಯ ನಡುಮನೆಯಲ್ಲಿ ಬಿದ್ದುಹೋಗಿತ್ತು. "ಅಶ್ವಿನಿ, ಸಾಕು ನಿಲ್ಲಿಸಮ್ಮ" ಅನ್ನಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಪರದೆಯ ಮೇಲೆ ರಾಜ ಬಂದ. ಯುದ್ಧಭೂಮಿಯ ತುಂಬ ಹೆಣಗಳು. ರಾಜ ಮುಂದೆ ನಿಂತು ಉದ್ದಕ್ಕೆ ಮಾತಾಡಲು ಶುರು ಮಾಡಿದ. ಈ ನೆಲದ ಮಕ್ಕಳು ತಾಯಿಯ ಮಡಿಲಲ್ಲಿ ಶಾಂತವಾಗಿ ಮಲಗಿದ್ದಾರೆ, ಇನ್ನೆಂದೂ ಏಳರು, ಇನ್ನೆಂದೂ ಕದಲರು, ಅಂತ. ಕಾಶಮ್ಮ ಆಗಲೇ ಸೆರಗು ಕಣ್ಣಿಗೆ ಹಚ್ಚಿದ್ದಳು.

ರಾಜನ ಹಿಂದೆ ಒಂದು ಹೆಣ ಕದಲಿತು.

ಮೊದಲು ನಾನು ಟಿವಿಯ ದೋಷ ಅಂದುಕೊಂಡೆ. ಹೆಣಗಳೆಲ್ಲ ನೆಲದ ಬಣ್ಣದಲ್ಲಿ ನೆಲಕ್ಕೇ ಮೆತ್ತಿಕೊಂಡಿದ್ದವು. ಆ ಒಂದು ಮಾತ್ರ ಚೌಕ ಚೌಕವಾಗಿ ಮಿಣಮಿಣ ಅನ್ನುತ್ತ, ಮಲಗಿದ ಕಡೆಯೇ ತಿರುಗುತ್ತಿತ್ತು. ಬೆನ್ನು ಎತ್ತಲಿಲ್ಲ. ಹಿಮ್ಮಡಿ ಊರಿ, ಕುಂಡಿಯ ಮೇಲೆ, ಬೀಸೋಕಲ್ಲಿನ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. ಕಂಕುಳಿಗೆ ಸಿಕ್ಕಿಸಿದ್ದ ಈಟಿಯೂ ಗಡಿಯಾರದ ಮುಳ್ಳಿನಂತೆ ಜೊತೆಗೇ ತಿರುಗುತ್ತಿತ್ತು. ಕಾಲು ಭಾಗ ತಿರುಗಿ ನಿಂತಿತು. ತಲೆ ಸ್ವಲ್ಪ ಎತ್ತಿ ಸುತ್ತ ನೋಡಿತು. ಮತ್ತೆ ತಿರುಗಿತು. ಪಕ್ಕದ ಹೆಣದ ಕಾಲು ಅಡ್ಡ ಬಂತು. ಆ ಹೆಣ ಪಾಪ, ಮರ್ಯಾದಸ್ಥ ಹೆಣ, ಕಾಲು ಮಡಚಿಕೊಂಡು ದಾರಿ ಬಿಟ್ಟಿತು.

"ನಿಲ್ಸವ್ವ! ನಿಲ್ಸು!" ಹಾಲಮ್ಮ ಎದ್ದೇ ನಿಂತಿದ್ದಳು. "ಹಿಂದಕ್ಕೆ ಹಾಕು. ಅದೇ, ಆ ತಿರುಗೋ ಹೆಣ."

ಅಶ್ವಿನಿ ಹಿಂದಕ್ಕೆ ಹಾಕಿದಳು. ಹೆಣ ಮತ್ತೆ ತಿರುಗಿತು. ಹಾಲಮ್ಮ ಟಿವಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದಳು.

"ಇದು ನನ್ ಗಂಡ" ಅಂದಳು.

"ಮುಖಾನೇ ಇಲ್ಲವಲ್ಲೇ" ಅಂದಳು ಕಾಶಮ್ಮ.

"ಮುಖ ಯಾರಿಗೆ ಬೇಕ್ರಮ್ಮ? ಉತ್ತರಕ್ಕೆ ತಲೆ ಹಾಕ್ಬಾರ್ದು ಅಂದ್ರೆ ಬೇರೆಯೋರು ಎದ್ದು ಚಾಪೆ ತಿರುಗಿಸ್ಕೊಂಡು ಮಲಗ್ತಾರೆ. ಇದು ಏಳಾಕಿಲ್ಲ. ಸೋಂಬೇರಿ. ಮಲಗಿದ್ ಮೇಲೆ ನೆನಪಾದ್ರೆ ಮಲಗಿದ್ದಂಗೇ ಹಿಂಗೇ ತಿರುಗ್ತೈತೆ. ಕಾಲು ಭಾಗ ತಿರುಗಿ, ತಲೆ ಎತ್ತಿ ಎಷ್ಟ್ ಬಂತು ಅಂತ ನೋಡ್ತೈತೆ. ನಮ್ಮಪ್ಪನ್ ಮನೇಲಿ ತಿರುಗಿ ನನ್ ತಮ್ಮ ತಿಪ್ಪೇಶನ್ ಮೂಗಿಗೆ ಒದ್ದಿತ್ತು. ಆಸ್ಪತ್ರೇಲಿ ಗ್ಲೂಕೋಸ್ ಹಾಕಿದ್ರೆ ಪೈಪ್ ಸಮೇತ ತಿರುಗಿತ್ತು, ನರ್ಸಮ್ಮ ಕಿರುಚ್ಕೊಂಡಿದ್ಲು. ಐವತ್ತೊಂದು ವರ್ಷ ಪಕ್ಕದಾಗೆ ಮಲಗಿ ಒದೆ ತಿಂದವ್ಳು ನಾನು. ನನಗೆ ಗೊತ್ತಾಗಾಕಿಲ್ವಾ?"

ನಾವೆಲ್ಲ ಹೊನ್ನಯ್ಯನ ಕಡೆ ತಿರುಗಿದೆವು. ಅವನ ಮುಖ ನೋಡಬೇಕಿತ್ತು. ಗೆದ್ದವನ ಮುಖವಲ್ಲ ಅದು, ತೋಟದಲ್ಲಿ ಸಿಕ್ಕಿಬಿದ್ದ ಕೋತಿಯ ಮುಖ.

"ಅದು ನಾನಲ್ಲ" ಅಂದ.

"ಏನಂದೆ?"

"ನಾನಲ್ಲ ಅಂದೆ. ನಾನು ಬಾವುಟದೋನು."

ಹಾಲಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಎಲಾ ಇವ್ನ! ಇಷ್ಟ್ ವರ್ಷ ನೀನಲ್ದೋನ್ನ ನಾನೇ ನಾನೇ ಅಂದೆ. ಈಗ ನೀನೇ ಬಂದು ಕಣ್ಮುಂದೆ ಬಿದ್ದಿದ್ರೆ ನಾನಲ್ಲ ಅಂತೀಯ?"

ನನಗೆ ಆಗ ಅವನ ಸಂಕಟ ಅರ್ಥವಾಯಿತು. ನಿಜ ಒಪ್ಪಿಕೊಂಡರೆ ಬಾವುಟ ಹೋಗುತ್ತದೆ, ಗುಂಡು ಹೋಗುತ್ತದೆ, ಕಣ್ಣು ಮುಚ್ಚಿದ ಹೀರೋ ಹೋಗುತ್ತಾನೆ. ಉಳಿಯುವುದು ದಿಕ್ಕು ನೋಡುವ ಒಂದು ಹೆಣ. ಒಪ್ಪದಿದ್ದರೆ ಹಾಲಮ್ಮನ ಬಾಯಲ್ಲಿ "ನಿಜ" ಅನ್ನಿಸುವ ಕೊನೆಯ ದಾರಿಯೂ ಮುಚ್ಚುತ್ತದೆ. ಅವನು ತಟ್ಟೆಯನ್ನು ಕೆಳಗಿಟ್ಟು, ಮಂಡಕ್ಕಿಯನ್ನು ಅಂಗಿಯಿಂದ ಒಂದೊಂದಾಗಿ ಕೊಡವಿಕೊಂಡ.

"ಪಕ್ಕದಾಗೆ ಕಾಲು ಮಡಚ್ಕೊಂಡ್ನಲ್ಲ" ಅಂದ ಮೆಲ್ಲಗೆ, "ಅವ್ನು ದೊಡ್ಡಬೀರಪ್ಪ. ನಮ್ ಜೊತೆ ಕಾವಲಲ್ಲಿದ್ದ. ಲೇ ಕಾಲು ತೆಗಿಯೋ ಅಂದೆ. ಸತ್ತಿದೀನಿ ಕಣೋ ಅಂದ. ಸತ್ತಿದ್ರೇನು, ನನ್ ತಲೆ ಉತ್ತರಕ್ಕೈತೆ ಅಂದೆ. ಹಂಗಾರೆ ಸರಿ ಅಂತ ತೆಗ್ದ."

ಕಾಶಮ್ಮನ ಕೈಯಿಂದ ಬೋಂಡ ಬಿತ್ತು.

"ಎತ್ತು ಹೊಡ್ಕೊಂಡು ಹೋದೆವಾ, ಸತ್ ಬೀಳಾಕೆ ಜನ ಸಾಲ್ದು ಅಂದ್ರು. ಬೀಳ್ರಲಾ ಅಂದ್ರು, ಬಿದ್ದೆವು. ಅಲ್ಲಾಡಿದ್ರೆ ಊಟ ಇಲ್ಲ ಅಂದ್ರು. ಬಿದ್ದ ಮೇಲೆ ನೋಡ್ತೀನಿ, ಬೆಳಗಿನ್ ಬಿಸಿಲು ಎಡಗೆನ್ನೆಗೆ ಹೊಡೀತೈತೆ. ಅಂಗಾತ ಬಿದ್ದೋನಿಗೆ ಎಡಕ್ಕೆ ಮೂಡಲು ಅಂದ್ರೆ ತಲೆ ಎತ್ತಗಾಯ್ತು? ಉತ್ತರಕ್ಕೆ. ನಮ್ಮವ್ವ ಹೇಳಿದ್ದು ಜ್ಞಾಪಕ ಬಂತು. ನಿಜವಾಗ್ಲೂ ಸತ್ತೋಗ್ಬಿಟ್ರೆ ಏನ್ ಗತಿ? ಇನ್ನೂ ಮದ್ವೇನೂ ಆಗಿರ್ಲಿಲ್ಲ. ಎಲ್ರೂ ರಾಜನ್ ಕಡೆ ನೋಡ್ತಾವ್ರೆ ಅಂತ ಮೆತ್ತಗೆ ತಿರುಗ್ದೆ. ಕ್ಯಾಮರಾ ನನ್ ಕಡೇಗೂ ನೋಡ್ತಿತ್ತು ಅಂತ ನಂಗೇನ್ ಗೊತ್ತು?"

"ಮತ್ತೆ ಬಾವುಟ ಯಾಕಂದೆ?" ಅಂದಳು ಹಾಲಮ್ಮ. ಧ್ವನಿಯಲ್ಲಿ ಮೊದಲಿನ ಖಾರವಿರಲಿಲ್ಲ.

"ಮತ್ತಿನ್ನೇನನ್ಲಿ? ಹೆಣ್ ಕೇಳಾಕೆ ಬಂದೋನು ನಾನು ಹೆಣ ಆಗಿದ್ದೆ ಅನ್ನಾಕೆ ಆಗ್ತೈತಾ? ನಿಮ್ಮಪ್ಪ ವೀಳ್ಯ ಕೊಡೋನಾ? ಗಿರಣಿಯೋನು ಬಾಗಿಲಾಗೆ ಕೂತಿದ್ದ!"

ಹಾಲಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ನಗು ಬಂತು ನೋಡಿ. ಎಂಥ ನಗು ಅಂದರೆ ಬಾಗಿಲಿಗೆ ಹಾಕಿದ್ದ ಕಂಬಳಿ ಕಳಚಿ ಬಿತ್ತು, ಆ ನಗುವಿನ ಗಾಳಿಗೇ ಬಿತ್ತು. ನೆಲದ ಮೇಲೆ ಕೂತು, ತೊಡೆ ಬಡಿದು, ಸೆರಗಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು. ಅವಳು ನಕ್ಕದ್ದು ನೋಡಿ ನಾವು, ನಾವು ನಕ್ಕದ್ದು ನೋಡಿ ಕೊನೆಗೆ ಹೊನ್ನಯ್ಯನೂ.

"ಗಿರಣಿಯೋನು ಸತ್ರೂ ಹಿಂಗೆ ತಿರುಗ್ತಿರ್ಲಿಲ್ಲ ಬಿಡು" ಅಂದಳು ಉಸಿರು ಸಿಕ್ಕ ಮೇಲೆ. "ಹೌದು ಕಣಯ್ಯ, ನೀನು ಸಿನ್ಮಾದಾಗೆ ಇದ್ದಿದ್ದು ನಿಜ. ನಮ್ಮಪ್ಪ ಇದ್ನ ನೋಡ್ಬೇಕಿತ್ತು."

ನಾನು ಅಶ್ವಿನಿಯನ್ನು ಕೇಳಿದೆ, ಬೇರೆ ಹೆಣಗಳೆಲ್ಲ ಮಸುಕಾಗಿರುವಾಗ ಇವನೊಬ್ಬ ಹೇಗೆ ಕಂಡ ಅಂತ.

"ಅಲ್ಲಾಡದೆ ಇರೋದನ್ನ ಒಂದ್ಸಲ ಬರೆದು ಹಂಗೇ ಬಿಡ್ತಾರೆ ತಾತ. ಯಾವುದು ಅಲ್ಲಾಡುತ್ತೋ ಅದನ್ನ ಮಾತ್ರ ಮತ್ತೆ ಮತ್ತೆ ಬರೀತಾರೆ. ಅದಕ್ಕೇ ಸುಮ್ನಿರೋರು ನೆಲದಲ್ಲಿ ಕಲೆತೋಗವ್ರೆ, ಇವ್ರು ಎದ್ದು ಕಾಣ್ತವ್ರೆ. ಒಳ್ಳೆ ಪ್ರಿಂಟಲ್ಲಿ ಆಗಿದ್ರೆ ಎಲ್ರೂ ರಾಜನ್ನೇ ನೋಡ್ತಿದ್ರು."

ಹಿಸುಕಿದವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ನಮ್ಮ ಜಾತಿಯಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ನಾನೇನಾದರೂ ಆ ಶೂಟಿಂಗಿಗೆ ಹೋಗಿದ್ದರೆ ಅಭ್ಯಾಸ ಬಲದಿಂದ ಕೂತುಕೊಂಡೇ ಸಾಯುತ್ತಿದ್ದೆ, ರಾಜನ ಮಾತು ಬಿಟ್ಟು ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಹಾಲಮ್ಮ ಆ ಜಾಗವನ್ನು ಹದಿನಾಲ್ಕು ಸಲ ಹಾಕಿಸಿದಳು. ಐದನೇ ಸಲಕ್ಕೆ ದೇವನೂರಿನ ತಮ್ಮನಿಗೆ ಫೋನು ಮಾಡಿಸಿದಳು. "ತಿಪ್ಪೇಶಾ, ನಾಳೆ ಮೊದಲ್ನೇ ಬಸ್ಸಿಗೆ ಬಾರೋ. ನಿಮ್ ಭಾವ ಸಿನ್ಮಾದಾಗೆ ಸತ್ತು ತಿರುಗ್ತಾವ್ರೆ. ಏ, ಸುಳ್ಳಲ್ಲ ಕಣೋ. ನಾನು ಕಣ್ಣಾರೆ ನೋಡ್ದೆ. ನೀನೂ ಬಂದು ನೋಡು, ನಿನ್ ಮೂಗಿನ್ ಕಥೆ ಅಲ್ಲಿಂದ್ಲೇ ಶುರುವಾಗಿರೋದು!" ಎಂಟನೇ ಸಲಕ್ಕೆ ಬೀದಿಯ ನಾಲ್ಕು ಮನೆಯವರು ಬಂದಿದ್ದರು. ಹಾಲಮ್ಮ ಎಲ್ಲರಿಗೂ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. "ರಾಜನ್ ಭುಜದ ಹಿಂದೆ ನೋಡ್ರಿ. ಈಗ ತಿರುಗ್ತಾರೆ. ಈಗ ತಲೆ ಎತ್ತುತಾರೆ. ನೋಡುದ್ರಾ? ಅವ್ರೇ ನಮ್ಮನೆಯೋರು." ರಾಜನನ್ನು ಯಾರೂ ನೋಡಲೇ ಇಲ್ಲ. ಪಾಪ, ಅವನು ಪ್ರತಿ ಸಲವೂ ಅಷ್ಟೇ ದುಃಖದಿಂದ ಮಾತಾಡುತ್ತಿದ್ದ.

ಹದಿನಾಲ್ಕು ಸಲ ಸತ್ತು ತಿರುಗಿದ ಮೇಲೆ ಹೊನ್ನಯ್ಯ ಗೋಡೆಗೊರಗಿ ಕಾಲು ಚಾಚಿ ಕೂತ. ಬಂದವರು ಶೂಟಿಂಗಿನ ವಿಷಯ ಮೊದ್ಲಿಂದ ಹೇಳಪ್ಪಾ ಅಂದರು. ನಿಜ ಹೇಳುವುದು ಅವನಿಗೆ ಹೊಸದು, ಸ್ವಲ್ಪ ತಡವರಿಸಿದ. ಎತ್ತು ಹೊಡೆದುಕೊಂಡು ಹೋದದ್ದು ಹೇಳಿದ. ಬಿದ್ದದ್ದು ಹೇಳಿದ. ಬಿಸಿಲು ಹೇಳಿದ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

"ನಾನು ಹಂಗೆ ಬಿದ್ದಿದೀನಾ," ಅಂದ, "ಅಷ್ಟೊತ್ಗೆ ಎದುರುಗಡೆಯಿಂದ ಆನೆ ಬಂದ್ವು."

ಸಿನಿಮಾವನ್ನು ನಾವು ಆಗಷ್ಟೇ ನೋಡಿದ್ದೆವು. ಅದರಲ್ಲಿ ಆನೆಯೆಂಬುದೇ ಇರಲಿಲ್ಲ, ಆನೆಯ ಗಾತ್ರದ ಒಂದು ಚೌಕವೂ ಇರಲಿಲ್ಲ. ನಾನು ಹಾಲಮ್ಮನ ಮುಖ ನೋಡಿದೆ.

"ಎಷ್ಟ್ ಆನೆ?" ಅಂದಳು ಹಾಲಮ್ಮ.

"ಮೂರು."

ಅವಳು ಮಂಡಕ್ಕಿಯ ಮೊರವನ್ನು ಅವನ ಕಡೆಗೆ ಸರಿಸಿ, ತಾನೂ ಗೋಡೆಗೆ ಒರಗಿ ಕೂತಳು.

"ಮೂರೇನಾ?" ಅಂದಳು.